ಹೋಲೋಗ್ರಫಿ ಕಲಿಯೋಕೆ ಶುರು ಎಲ್ಲಿಂದ? ಒಂದು ಅರ್ಧವೃತ್ತದಿಂದ

ಸ್ಟ್ರಿಂಗ್ ಥಿಯರಿ ಕಲೀಬೇಕು, ಕ್ವಾಂಟಮ್ ಗ್ರಾವಿಟಿಲಿ ಏನಾದ್ರೂ ರಿಸರ್ಚ್ ಮಾಡ್ಬೇಕು ಅಂತ ಹೊರಟೋರು ಯಾರನ್ನ ಕೇಳಿದ್ರೂ ಒಂದು ಉದ್ದದ ಪಟ್ಟಿ ಸಿಗತ್ತೆ. ಮೊದ್ಲು ಕ್ವಾಂಟಮ್ ಫೀಲ್ಡ್ ಥಿಯರಿ ಪೂರ್ತಿ, ಆಮೇಲೆ ಜನರಲ್ ರಿಲೇಟಿವಿಟಿ, ಆಮೇಲೆ ಕನ್ಫಾರ್ಮಲ್ ಫೀಲ್ಡ್ ಥಿಯರಿ, ಸೂಪರ್‌ಸಿಮೆಟ್ರಿ, ಸ್ಟ್ರಿಂಗ್ ಥಿಯರಿ ಎರಡು ಸಂಪುಟ, ಇದೆಲ್ಲ ಮುಗಿದ್ಮೇಲೆ ಹೋಲೋಗ್ರಫಿ (ಗ್ರಾವಿಟಿ ಇರೋ ಜಾಗದ ಒಳಗಿನದನ್ನೆಲ್ಲ ಅದರ ಗಡಿ ಮೇಲಿನ, ಗ್ರಾವಿಟಿ ಇಲ್ಲದ ಥಿಯರಿಲಿ ಹೇಳ್ಬಹುದು ಅನ್ನೋ ಐಡಿಯಾ). ಪಟ್ಟಿ ತಪ್ಪಲ್ಲ, ಆದ್ರೆ ಈ ಆರ್ಡರ್‌ನಲ್ಲಿ ಹೋದೋರಲ್ಲಿ ಬಹಳ ಜನ ಮೂರನೇ ಮೆಟ್ಟಿಲಲ್ಲೇ ಸುಸ್ತಾಗಿ ಕೂತ್ಬಿಡ್ತಾರೆ, ಯಾಕಂದ್ರೆ ಇದೆಲ್ಲ ಯಾತಕ್ಕೆ ಬೇಕು ಅನ್ನೋದೇ ಅಲ್ಲಿವರೆಗೂ ಕಾಣ್ಸಿರಲ್ಲ. ನಾನು ಹೇಳೋದು ಉಲ್ಟಾ ದಾರಿ. ಒಂದು ಸಣ್ಣ ಲೆಕ್ಕನ ಗ್ರಾವಿಟಿ ಕಡೆಯಿಂದ ಕೈಯಾರೆ ಮಾಡಿ, ಅದೇ ಉತ್ತರ ಗ್ರಾವಿಟಿನೇ ಇಲ್ಲದ ಕಡೆಯಿಂದ್ಲೂ ಬರತ್ತೆ ಅಂತ ಕಣ್ಣಾರೆ ನೋಡಿ, ಆಮೇಲೆ ಹಿಂದಕ್ಕೆ ಹೋಗಿ ಬೇಕಾದ್ದನ್ನ ಕಲೀರಿ.

ಇದಕ್ಕೆ ಬೇಕಾಗೋದು ಮೂರೇ ವಿಷಯ. ಒಂದು ಮೆಟ್ರಿಕ್ ಕೊಟ್ರೆ ಅದ್ರಲ್ಲಿ ದೂರ ಲೆಕ್ಕ ಹಾಕೋಕೆ ಬರ್ಬೇಕು, ಆಯ್ಲರ್-ಲಗ್ರಾಂಜ್ ಸಮೀಕರಣ ಬರ್ಬೇಕು, ಕ್ವಾಂಟಮ್ ಮೆಕ್ಯಾನಿಕ್ಸ್‌ನಲ್ಲಿ ಡೆನ್ಸಿಟಿ ಮ್ಯಾಟ್ರಿಕ್ಸ್ ಅಂದ್ರೇನು ಅಂತ ಗೊತ್ತಿರ್ಬೇಕು. ಇಷ್ಟಿದ್ರೆ ಇವತ್ತೇ ಶುರು ಮಾಡ್ಬಹುದು.

ಲೆಕ್ಕಕ್ಕೆ ಇಳಿಯೋ ಮುಂಚೆ ಹಿನ್ನೆಲೆ ಸ್ವಲ್ಪ. 1970ರ ದಶಕದ ಮೊದಲರ್ಧದಲ್ಲಿ ಬೆಕೆನ್‌ಸ್ಟೈನ್ ಮತ್ತೆ ಹಾಕಿಂಗ್ ಅವರ ಕೆಲ್ಸದಿಂದ ಕಪ್ಪು ಕುಳಿಗೂ ಎಂಟ್ರೊಪಿ ಇದೆ ಅಂತ ಗೊತ್ತಾಯ್ತು, ಅದು ಹೊರೈಝನ್‌ನ ವಿಸ್ತೀರ್ಣನ 4ಜಿ ಇಂದ ಭಾಗಿಸಿದಷ್ಟು (ಜಿ ಅಂದ್ರೆ ನ್ಯೂಟನ್ ಸ್ಥಿರಾಂಕ, ಮಿಕ್ಕ ಸ್ಥಿರಾಂಕಗಳನ್ನೆಲ್ಲ 1 ಅಂತ ಇಟ್ಕೊಂಡಿದೀವಿ). ಇದ್ರಲ್ಲಿ ತಲೆ ಕೆಡಿಸೋ ವಿಷಯ ಎರಡು. ಮೊದಲ್ನೇದು ಸಂಖ್ಯೆ: ಸೂರ್ಯನಷ್ಟು ದ್ರವ್ಯರಾಶಿಯ ಕಪ್ಪು ಕುಳಿಯ ತ್ರಿಜ್ಯ ಬರೀ 3 ಕಿಮೀ ಆಸುಪಾಸು, ಅದರ ಎಂಟ್ರೊಪಿ ಸುಮಾರು 10⁷⁷, ಈಗ ಉರೀತಾ ಇರೋ ಸೂರ್ಯಂದು ಸುಮಾರು 10⁵⁸ ಅಷ್ಟೇ. ಎರಡನೇದು, ನಾವು ನೋಡಿರೋ ಸಾಮಾನ್ಯ ವಸ್ತುಗಳ ಎಂಟ್ರೊಪಿ ಎಲ್ಲ ಗಾತ್ರದ ಜೊತೆ ಬೆಳೆಯತ್ತೆ, ಇದು ಮಾತ್ರ ಮೇಲ್ಮೈ ಜೊತೆ ಬೆಳೆಯತ್ತೆ. ಇದನ್ನ ಹಿಡ್ಕೊಂಡು 1993ರಲ್ಲಿ ಟ್ ಹೂಫ್ಟ್, ಅದರ ಹಿಂದೆನೇ ಸಸ್ಕಿಂಡ್, ಗ್ರಾವಿಟಿ ಇರೋ ಜಾಗದ ಒಳಗಿನ ಮಾಹಿತಿನೆಲ್ಲ ಅದರ ಗಡಿ ಮೇಲೇ ಬರೆದಿಡ್ಬಹುದು ಅನ್ನೋ ಐಡಿಯಾ ಮುಂದಿಟ್ರು. 1997ರ ಕೊನೇಲಿ ಮಾಲ್ಡಸೇನಾ ಅದಕ್ಕೊಂದು ಗಟ್ಟಿ ಉದಾಹರಣೆ ಕೊಟ್ರು: ಐದು ಆಯಾಮದ ಆಂಟಿ-ಡಿ ಸಿಟರ್ ಜಾಗ (ನೆಗೆಟಿವ್ ಆಗಿ ಬಾಗಿರೋ ಜಾಗ) ಮತ್ತೆ ಐದು ಆಯಾಮದ ಗೋಳ ಸೇರಿದ ಹಿನ್ನೆಲೆಲಿ ಓಡಾಡೋ ಸ್ಟ್ರಿಂಗ್‌ಗಳ ಥಿಯರಿ, ಗಡಿಯಲ್ಲಿರೋ ನಾಲ್ಕು ಆಯಾಮದ, ಗ್ರಾವಿಟಿ ಇಲ್ಲದ ಒಂದು ಗೇಜ್ ಥಿಯರಿಗೆ (ಒಂದು ಬಗೆಯ ಕ್ವಾಂಟಮ್ ಫೀಲ್ಡ್ ಥಿಯರಿ) ಸಮ. ಹತ್ತಿರಹತ್ತಿರ ಸಮ ಅಲ್ಲ, ಎರಡೂ ಒಂದೇ ಅನ್ನೋದು ಕ್ಲೇಮು. ಗಣಿತದ ಪೂರ್ತಿ ಪ್ರೂಫ್ ಇಲ್ಲ, ಆದ್ರೆ ಚೆಕ್ ಮಾಡಿದ ಕಡೆಯೆಲ್ಲ ನಿಂತಿದೆ. ಇದನ್ನೇ ಎಡಿಎಸ್-ಸಿಎಫ್‌ಟಿ ಅಂತಾರೆ, ಎಡಿಎಸ್ ಅಂದ್ರೆ ಆಂಟಿ-ಡಿ ಸಿಟರ್, ಸಿಎಫ್‌ಟಿ ಅಂದ್ರೆ ಕನ್ಫಾರ್ಮಲ್ ಫೀಲ್ಡ್ ಥಿಯರಿ (ಅಳತೆ ಹಿಗ್ಗಿಸಿದ್ರೂ ಕುಗ್ಗಿಸಿದ್ರೂ ಒಂದೇ ತರ ಇರೋ ಥಿಯರಿ).

ಇಲ್ಲೊಂದು ಮಾತು ಹೇಳ್ಬಿಡ್ತೀನಿ, "ನಮ್ಮ ವಿಶ್ವ ಒಂದು ಹೋಲೋಗ್ರಾಂ" ಅನ್ನೋ ವಿಡಿಯೋಗಳನ್ನ ನೋಡಿ ಬಂದಿದ್ರೆ ಅದನ್ನ ಸದ್ಯಕ್ಕೆ ಪಕ್ಕಕ್ಕಿಡಿ. ಈ ಸಮಾನತೆ ಚೆನ್ನಾಗಿ ಗೊತ್ತಿರೋದು ಕಾಸ್ಮೊಲಾಜಿಕಲ್ ಸ್ಥಿರಾಂಕ (ಖಾಲಿ ಜಾಗದ ಎನರ್ಜಿ) ನೆಗೆಟಿವ್ ಇರೋ ಜಾಗಗಳಲ್ಲಿ. 1998ರ ಸೂಪರ್‌ನೋವಾ ಅಳತೆಗಳ ಪ್ರಕಾರ ನಮ್ಮ ವಿಶ್ವದ್ದು ಪಾಸಿಟಿವ್. ಅಲ್ಲಿಗೆ ಇದನ್ನ ಹೆಂಗೆ ತಗೊಂಡು ಹೋಗೋದು ಅನ್ನೋದೇ ದೊಡ್ಡ ಓಪನ್ ಪ್ರಶ್ನೆ.

ಸರಿ, ಪೇಪರ್ ಪೆನ್ ತಗೊಳ್ಳಿ. ಎರಡು ಜಾಗದ ದಿಕ್ಕು ಒಂದು ಕಾಲ ಇರೋ ಎಡಿಎಸ್ ತಗೊಳೋಣ, ಇದಕ್ಕಿಂತ ಸುಲಭದ್ದು ಸಿಗಲ್ಲ. ಮೆಟ್ರಿಕ್ ಹಿಂಗಿದೆ:

ಡಿಎಸ್² = ಎಲ್² × (ಡಿಝಡ್² − ಡಿಟಿ² + ಡಿಎಕ್ಸ್²) / ಝಡ್²

ಎಲ್ ಅಂದ್ರೆ ಜಾಗ ಎಷ್ಟು ಬಾಗಿದೆ ಅಂತ ಹೇಳೋ ಉದ್ದ. ಝಡ್ ಸೊನ್ನೆ ಇರೋ ಕಡೆ ಗಡಿ, ಝಡ್ ಹೆಚ್ಚಾದಷ್ಟೂ ಒಳಗೆ ಹೋಗ್ತೀವಿ. ಝಡ್‌ನ ಮ್ಯಾಪ್ ಆ್ಯಪ್‌ನ ಝೂಮ್ ತರ ಅಂದ್ಕೊಳ್ಳಿ, ಗಡಿ ಹತ್ರ ಇದ್ರೆ ಸಣ್ಣ ಸಣ್ಣ ಡೀಟೇಲು, ಒಳಗೆ ಹೋದಷ್ಟೂ ಝೂಮ್ ಔಟ್, ಅಂದ್ರೆ ಕಡಿಮೆ ಎನರ್ಜಿ. ಮುಂದೆ ಹೋಗೋ ಮುಂಚೆ ಒಂದು ಚಿಕ್ಕ ಅಭ್ಯಾಸ: ಝಡ್ = 1 ರಿಂದ ಗಡಿಗೆ ಒಂದು ಬೆಳಕಿನ ಕಿರಣ ಬಿಡಿ. ಬೆಳಕಿಗೆ ಡಿಎಸ್ ಸೊನ್ನೆ, ಹಂಗಾಗಿ ಡಿಝಡ್ ಡಿಟಿ ಎರಡೂ ಸಮ, 1 ಯೂನಿಟ್ ಟೈಮಲ್ಲಿ ಗಡಿ ಮುಟ್ಟತ್ತೆ. ಈಗ ಅದೇ ದಾರಿನ ಟೇಪ್ ಹಿಡಿದು ಅಳೆಯಿರಿ, 1/ಝಡ್‌ನ ಇಂಟಿಗ್ರೇಟ್ ಮಾಡಿದ್ರೆ ದೂರ ಇನ್ಫಿನಿಟಿ. ಅನಂತ ದೂರದ ಗಡಿಗೆ ಬೆಳಕು ಹೋಗಿ ವಾಪಸ್ಸೂ ಬರತ್ತೆ, ಅದಕ್ಕೇ ಗಡಿಲಿ ಏನಾಗತ್ತೆ ಅಂತ ನಾವು ಹೇಳದೇ ಒಳಗಿನ ಭೌತಶಾಸ್ತ್ರ ಪೂರ್ತಿ ಆಗಲ್ಲ. ಇದು ತಲೆಗೆ ಹೋದ್ರೆ ಗಡಿಗೆ ಅಷ್ಟೊಂದು ಮರ್ಯಾದೆ ಯಾಕೆ ಅನ್ನೋದು ಅರ್ಥ ಆದ ಹಂಗೇ.

ಈಗ ಮುಖ್ಯ ಲೆಕ್ಕ. ಗಡಿಲಿ ಎಕ್ಸ್ ರೇಖೆ ಮೇಲೆ −ಆರ್ ಇಂದ +ಆರ್ ವರೆಗೆ ಒಂದು ತುಂಡು ತಗೊಳ್ಳಿ. ಆ ತುಂಡು ಮಿಕ್ಕಿದ ಭಾಗದ ಜೊತೆ ಎಷ್ಟು ಎಂಟ್ಯಾಂಗಲ್ ಆಗಿದೆ ಅನ್ನೋದು ಪ್ರಶ್ನೆ, ಅದನ್ನ ಅಳೆಯೋದು ಆ ತುಂಡಿನ ಡೆನ್ಸಿಟಿ ಮ್ಯಾಟ್ರಿಕ್ಸ್‌ನ ಎಂಟ್ರೊಪಿ. 2006ರಲ್ಲಿ ರ್ಯೂ ಮತ್ತೆ ತಕಾಯನಗಿ ಕೊಟ್ಟ ನಿಯಮ ಸಿಂಪಲ್: ಆ ತುಂಡಿನ ಎರಡೂ ತುದಿನ ಒಳಗಿನಿಂದ ಸೇರ್ಸೋ ಅತಿ ಚಿಕ್ಕ ಮೇಲ್ಮೈ ಹುಡುಕಿ, ಅದರ ವಿಸ್ತೀರ್ಣನ 4ಜಿ ಇಂದ ಭಾಗಿಸಿ. ನಮ್ಮ ಕೇಸಲ್ಲಿ ಮೇಲ್ಮೈ ಅಂದ್ರೆ ಬರೀ ಒಂದು ಗೆರೆ.

ಕಾಲ ಫಿಕ್ಸ್ ಮಾಡಿದ್ರೆ ಉದ್ದ ಅಂದ್ರೆ √(1 + ಝಡ್′²) / ಝಡ್ ಇದರ ಇಂಟಿಗ್ರಲ್, ಅದನ್ನ ಎಲ್ ಇಂದ ಗುಣಿಸ್ಬೇಕು. ಇದ್ರಲ್ಲಿ ಎಕ್ಸ್ ನೇರವಾಗಿ ಎಲ್ಲೂ ಬರಲ್ಲ, ಹಂಗಾಗಿ ಮೆಕ್ಯಾನಿಕ್ಸ್‌ನಲ್ಲಿ ಎನರ್ಜಿ ಕನ್ಸರ್ವ್ ಆಗೋ ಹಂಗೆ ಇಲ್ಲೂ ಒಂದು ಪ್ರಮಾಣ ಬದಲಾಗದೇ ಉಳಿಯತ್ತೆ, ಅದನ್ನ ಬಿಡಿಸಿದ್ರೆ ಝಡ್² × (1 + ಝಡ್′²) = ಆರ್² ಅಂತ ಬರತ್ತೆ. ಇದರ ಉತ್ತರ ಎಕ್ಸ್² + ಝಡ್² = ಆರ್², ಅಂದ್ರೆ ಅರ್ಧವೃತ್ತ. ಗಡಿ ಪಕ್ಕದಲ್ಲೇ ನೇರವಾಗಿ ಹೋಗೋದಕ್ಕಿಂತ ಒಳಗೆ ಇಳಿದು ಹತ್ತೋದೇ ಹತ್ತಿರದ ದಾರಿ, ಗಡಿ ಹತ್ರ ದೂರಗಳು ಅಷ್ಟೊಂದು ಹಿಗ್ಗಿರತ್ತೆ.

ಉದ್ದ ಕಂಡುಹಿಡಿಯೋಕೆ ಎಕ್ಸ್ = ಆರ್ ಕಾಸ್ ಥೀಟಾ, ಝಡ್ = ಆರ್ ಸೈನ್ ಥೀಟಾ ಹಾಕಿ. ಆರ್ ಕ್ಯಾನ್ಸಲ್ ಆಗಿ ಎಲ್ × ಡಿಥೀಟಾ / ಸೈನ್ ಥೀಟಾ ಉಳಿಯತ್ತೆ. ಇದನ್ನ ಸೊನ್ನೆಯಿಂದ ಶುರು ಮಾಡಿದ್ರೆ ಉತ್ತರ ಇನ್ಫಿನಿಟಿ, ಗಾಬರಿ ಬೇಡ, ಫೀಲ್ಡ್ ಥಿಯರಿ ಕಡೆಯಿಂದ್ಲೂ ಇದೇ ಇನ್ಫಿನಿಟಿ ಬರತ್ತೆ, ತುಂಡಿನ ಅಂಚಲ್ಲಿ ಅಕ್ಕಪಕ್ಕದ ಬಿಂದುಗಳು ಸಿಕ್ಕಾಪಟ್ಟೆ ಎಂಟ್ಯಾಂಗಲ್ ಆಗಿರೋದ್ರಿಂದ. ಹಂಗಾಗಿ ಝಡ್ = ಎಪ್ಸಿಲಾನ್‌ನಲ್ಲಿ ಕತ್ತರಿಸಿ, ಅಂದ್ರೆ ಥೀಟಾ = ಎಪ್ಸಿಲಾನ್/ಆರ್ ಇಂದ ಪೈ/2 ವರೆಗೆ ಮಾಡಿ ಎರಡರಿಂದ ಗುಣಿಸಿ. 1/ಸೈನ್ ಥೀಟಾದ ಇಂಟಿಗ್ರಲ್ ಲಾಗ್ ಟ್ಯಾನ್(ಥೀಟಾ/2). ಕೊನೆಗೆ ಸಿಗೋ ಉದ್ದ 2ಎಲ್ × ಲಾಗ್(2ಆರ್/ಎಪ್ಸಿಲಾನ್), 4ಜಿ ಇಂದ ಭಾಗಿಸಿದ್ರೆ ಎಂಟ್ರೊಪಿ (ಎಲ್/2ಜಿ) × ಲಾಗ್(2ಆರ್/ಎಪ್ಸಿಲಾನ್).

ಈಗ ಗಡಿಯ ಫೀಲ್ಡ್ ಥಿಯರಿ ಕಡೆಯಿಂದ ನೋಡಿ. 1986ರಲ್ಲೇ, ಮಾಲ್ಡಸೇನಾಗಿಂತ ಹತ್ತು ವರ್ಷದ ಮೇಲೆ ಮುಂಚೆ, ಬ್ರೌನ್ ಮತ್ತೆ ಹೆನೋ ಈ ಮೂರು ಆಯಾಮದ ಎಡಿಎಸ್‌ನ ಗಡಿಲಿ ಕನ್ಫಾರ್ಮಲ್ ಸಿಮೆಟ್ರಿ ಇದೆ, ಅದರ ಸೆಂಟ್ರಲ್ ಚಾರ್ಜ್ (ಥಿಯರಿಲಿ ಎಷ್ಟು ಡಿಗ್ರೀಸ್ ಆಫ್ ಫ್ರೀಡಮ್ ಇದೆ ಅನ್ನೋದರ ಅಳತೆ) ಸಿ = 3ಎಲ್/2ಜಿ ಅಂತ ತೋರ್ಸಿದ್ರು. ಅದನ್ನ ಹಾಕಿದ್ರೆ ಎಲ್/2ಜಿ ಅನ್ನೋದು ಸಿ/3 ಆಗತ್ತೆ. ಎರಡು ಆಯಾಮದ ಕನ್ಫಾರ್ಮಲ್ ಥಿಯರಿಲಿ ಗ್ರಾವಿಟಿ ಹೆಸರೇ ಎತ್ತದೆ 1994ರಲ್ಲಿ ಹೋಲ್ಝಿ, ಲಾರ್ಸೆನ್, ವಿಲ್ಚೆಕ್, ಆಮೇಲೆ ಹತ್ತು ವರ್ಷಕ್ಕೆ ಕಲಬ್ರೇಝೆ ಮತ್ತೆ ಕಾರ್ಡಿ ಪಡೆದಿದ್ದ ಉತ್ತರನೂ (ಸಿ/3) × ಲಾಗ್(ತುಂಡಿನ ಉದ್ದ/ಎಪ್ಸಿಲಾನ್). ಆ 3 ಕೂಡ ಸರಿಯಾಗಿ ಬಂತು ನೋಡಿ. ಲಾಗ್ ಬರೋದು ಸಿಮೆಟ್ರಿ ಕಾರಣಕ್ಕೆ ಅಂತ ಯಾರಾದ್ರೂ ತಳ್ಳಿಹಾಕ್ಬಹುದು, ಮುಂದಿರೋ ನಂಬರ್‌ನ ಹಂಗೆ ತಳ್ಳಿಹಾಕೋಕಾಗಲ್ಲ.

ಇದು ಆದ್ಮೇಲೆ ಇದೇ ಲೆಕ್ಕನ ಒಂದ್ಸಲ ಬೇಕಂತಲೇ ಮುರೀರಿ, ಇದನ್ನ ಬಹಳ ಜನ ಸ್ಕಿಪ್ ಮಾಡ್ತಾರೆ. ಎರಡು ಆಯಾಮದ ಐಸಿಂಗ್ ಮಾಡೆಲ್‌ನ (ಅಯಸ್ಕಾಂತದ ಸರಳ ಮಾದರಿ) ಕ್ರಿಟಿಕಲ್ ಪಾಯಿಂಟ್‌ನಲ್ಲಿ ಸಿ = 1/2. ಬ್ರೌನ್-ಹೆನೋ ಸೂತ್ರಕ್ಕೆ ಹಾಕಿದ್ರೆ ಎಲ್/ಜಿ = 1/3, ಈ ಆಯಾಮದಲ್ಲಿ ಜಿ ಅನ್ನೋದೇ ಪ್ಲ್ಯಾಂಕ್ ಉದ್ದದ ಅಳತೆ, ಅಂದ್ರೆ ಇಡೀ ಜಾಗ ಬಾಗಿರೋ ತ್ರಿಜ್ಯ ಎಲ್, ಪ್ಲ್ಯಾಂಕ್ ಉದ್ದಕ್ಕಿಂತ ಚಿಕ್ಕದು. ಅಂಥ ಕಡೆ ನಯವಾದ ಮೆಟ್ರಿಕ್ಕು, ಚಿಕ್ಕ ಗೆರೆ ಅನ್ನೋದಕ್ಕೆಲ್ಲ ಅರ್ಥನೇ ಇಲ್ಲ. ಕ್ಲಾಸಿಕಲ್ ಗ್ರಾವಿಟಿ ನಂಬೋಕೆ ಸಿ ದೊಡ್ಡದಿರ್ಬೇಕು, ಜೊತೆಗೆ ಗಡಿ ಥಿಯರಿಲಿ ಇಂಟರಾಕ್ಷನ್ ಜೋರಾಗಿರ್ಬೇಕು. ಯಾವ ಥಿಯರಿ ಸಿಕ್ಕಿದ್ರೂ ಅದಕ್ಕೊಂದು ಒಳಗಿನ ಜಾಗ ಅಂಟಿಸೋ ಚಟ ಹೊಸಬರಿಗೆ ಬೇಗ ಹತ್ತತ್ತೆ, ಹುಷಾರು.

ಸ್ಟ್ರಿಂಗ್ ಕಾಲಿಡೋದೂ ಇಲ್ಲೇ. ಮಾಲ್ಡಸೇನಾ ಉದಾಹರಣೆಲಿ ಎಲ್‌ನ ನಾಲ್ಕನೇ ಘಾತನ ಸ್ಟ್ರಿಂಗ್ ಉದ್ದದ ನಾಲ್ಕನೇ ಘಾತದಿಂದ ಭಾಗಿಸಿದ್ರೆ ಟ್ ಹೂಫ್ಟ್ ಕಪ್ಲಿಂಗ್ ಲ್ಯಾಂಬ್ಡಾ (ಗಡಿ ಥಿಯರಿಲಿ ಇಂಟರಾಕ್ಷನ್ ಎಷ್ಟು ಜೋರು ಅನ್ನೋ ಅಳತೆ) ಸಿಗತ್ತೆ. ಲ್ಯಾಂಬ್ಡಾ ದೊಡ್ಡದಿದ್ರೆ ಸ್ಟ್ರಿಂಗ್‌ಗಳು ಚುಕ್ಕಿ ತರ ಕಾಣತ್ತೆ, ಐನ್‌ಸ್ಟೈನ್ ಸಮೀಕರಣ ಸಾಕು. ಚಿಕ್ಕದಾದ್ರೆ ಸ್ಟ್ರಿಂಗ್ ಪೂರ್ತಿ ಬೇಕು. ಈ ಪ್ರಶ್ನೆ ಕೈಲಿಟ್ಕೊಂಡು ಸ್ಟ್ರಿಂಗ್ ಪಠ್ಯ ತೆರೆದ್ರೆ 26 ಆಯಾಮ, 10 ಆಯಾಮ, ವರ್ಲ್ಡ್‌ಶೀಟ್ ಎಲ್ಲ ಬೇಜಾರು ಮಾಡಲ್ಲ, ಏನು ಹುಡುಕ್ತಾ ಇದೀವಿ ಅಂತ ಗೊತ್ತಿರತ್ತೆ.

ಎರಡನೇ ಲೆಕ್ಕಕ್ಕೆ ಒಂದು ಸಂಜೆ ಸಾಕು. ಒಳಗೆ ಎಂ ದ್ರವ್ಯರಾಶಿಯ ಸ್ಕೇಲರ್ ಫೀಲ್ಡ್ ಇಡಿ, ಗಡಿ ಹತ್ರ ಅದು ಝಡ್‌ನ ಡೆಲ್ಟಾ ಘಾತದ ತರ ನಡ್ಕೊಳತ್ತೆ ಅಂತ ಹಾಕಿ. ಡೆಲ್ಟಾ × (ಡೆಲ್ಟಾ − ಡಿ) = ಎಂ²ಎಲ್² ಬರತ್ತೆ, ಡಿ ಅಂದ್ರೆ ಗಡಿಯ ಆಯಾಮ. ಒಳಗಿನ ದ್ರವ್ಯರಾಶಿ ಗಡಿಲಿ ಆಪರೇಟರ್‌ನ ಡೈಮೆನ್ಷನ್ (ಅಳತೆ ಹಿಗ್ಗಿಸಿದಾಗ ಅದು ಹೆಂಗೆ ಬದಲಾಗತ್ತೆ ಅನ್ನೋ ಸಂಖ್ಯೆ) ಆಯ್ತು. ಎಂ² ನೆಗೆಟಿವ್ ಇದ್ರೂ −ಡಿ²/(4ಎಲ್²) ಗಿಂತ ಕೆಳಗೆ ಹೋಗದಿದ್ರೆ ಪ್ರಾಬ್ಲಮ್ ಇಲ್ಲ ಅನ್ನೋದೂ ಇದೇ ಕ್ವಾಡ್ರಾಟಿಕ್‌ನ ಬೇರುಗಳಲ್ಲೇ ಕಾಣತ್ತೆ.

ರಿಸರ್ಚ್ ಪೇಪರ್ ಓದೋದು ಇದಾದ್ಮೇಲೆ. ಆರ್ಕೈವ್ (arXiv, ರಿಸರ್ಚ್ ಪೇಪರ್‌ಗಳನ್ನ ಉಚಿತವಾಗಿ ಹಾಕೋ ವೆಬ್‌ಸೈಟ್) ಅಲ್ಲಿನ ಹೈ ಎನರ್ಜಿ ಥಿಯರಿ ವಿಭಾಗದಲ್ಲಿ ದಿನಾ ರಾಶಿ ಪೇಪರ್ ಬರತ್ತೆ, ಎಲ್ಲ ಓದೋಕೆ ಹೋಗ್ಬೇಡಿ, ಟೈಟಲ್ ಮೇಲೆ ಕಣ್ಣಾಡಿಸಿ ಒಂದೆರಡು ಅಬ್‌ಸ್ಟ್ರಾಕ್ಟ್ ಸಾಕು. ಆರಿಸ್ಕೊಂಡ ಪೇಪರ್‌ನ ಮೊದಲ್ನೇ ಪುಟದಿಂದ ಓದೋ ಬದ್ಲು ಅದರ ಮುಖ್ಯ ಸೂತ್ರ ಹುಡುಕಿ, ಅದನ್ನ ನಿಮಗೆ ಗೊತ್ತಿರೋ ಕೇಸಿಗೆ ಇಳಿಸಿ ನೋಡಿ. ಅರ್ಧವೃತ್ತದ ಉತ್ತರ ವಾಪಸ್ ಬರತ್ತಾ? ಬಂದ್ರೆ ಮುಂದೆ ಓದಿ. ಬರ್ಲಿಲ್ಲ ಅಂದ್ರೆ ಬಹಳ ಸಲ ಕನ್ವೆನ್ಷನ್ ತಕರಾರು, ಒಬ್ಬರು ಎಲ್ = 1 ಇಟ್ಟಿರ್ತಾರೆ, ಇನ್ನೊಬ್ರು 8ಪೈಜಿ = 1 ಅಂತಾರೆ, ಮತ್ತೊಬ್ರು ಮೆಟ್ರಿಕ್ ಚಿಹ್ನೆನೇ ತಿರುಗ್ಸಿರ್ತಾರೆ. ಯಾವ ಪೇಪರ್‌ನಲ್ಲಿ ಏನಿದೆ ಅಂತ ನೋಟ್‌ಬುಕ್ಕಿನ ಮೊದಲ್ನೇ ಹಾಳೆಲಿ ಬರ್ಕೊಳೋ ಅಭ್ಯಾಸ ಈಗ್ಲೇ ಮಾಡ್ಕೊಳ್ಳಿ. 2019ರಲ್ಲಿ ಬಂದ, ಕಪ್ಪು ಕುಳಿ ಆವಿಯಾಗ್ತಾ ಎಂಟ್ರೊಪಿ ಏರಿ ಮತ್ತೆ ಇಳಿಯತ್ತೆ ಅಂತ ತೋರ್ಸಿದ ಪೇಪರ್‌ಗಳೂ ಇದೇ ರ್ಯೂ-ತಕಾಯನಗಿ ನಿಯಮದ ಮುಂದುವರಿದ ರೂಪ ಬಳಸಿದ್ದು, ಅಲ್ಲಿಗೆ ಹೋಗೋ ದಾರಿ ನೀವು ಅಂದ್ಕೊಂಡಷ್ಟು ದೂರ ಇಲ್ಲ.

ಆ ದಾರಿಲಿ ಮೊದಲ ಸ್ಟಾಪು ಬಿಸಿ ಇರೋ ಗಡಿ. ಮೆಟ್ರಿಕ್‌ನಲ್ಲಿ ಡಿಟಿ² ಮುಂದೆ ಎಫ್, ಡಿಝಡ್² ಕೆಳಗೆ ಎಫ್ ಹಾಕಿ, ಎಫ್ = 1 − ಝಡ್²/ಝಡ್ಎಚ್² ಅಂತ ತಗೊಳ್ಳಿ. ಇದು 1992ರ ಬಿಟಿಝಡ್ ಕಪ್ಪು ಕುಳಿಯ (ಮೂರು ಆಯಾಮದ ಎಡಿಎಸ್‌ನ ಕಪ್ಪು ಕುಳಿ) ಚಪ್ಪಟೆ ರೂಪ, ಹೊರೈಝನ್ ಇರೋದು ಝಡ್ = ಝಡ್ಎಚ್‌ನಲ್ಲಿ. ಅದೇ ಚಿಕ್ಕ ಗೆರೆ ಹುಡುಕಿದ್ರೆ ಲಾಗ್ ಒಳಗೆ (ಬೀಟಾ/ಪೈ ಎಪ್ಸಿಲಾನ್) × ಸೈನ್‌ಹೈಪರ್ಬಾಲಿಕ್(ಪೈ × ತುಂಡಿನ ಉದ್ದ/ಬೀಟಾ) ಬರ್ಬೇಕು, ಮುಂದೆ ಅದೇ ಸಿ/3. ಬೀಟಾ ಅಂದ್ರೆ ತಾಪಮಾನದ ವಿಲೋಮ. ತುಂಡು ಉದ್ದ ಆದಂಗೆ ಗೆರೆ ಹೋಗಿ ಹೊರೈಝನ್‌ಗೆ ಒರಗಿ ಮಲಗತ್ತೆ, ಎಂಟ್ರೊಪಿ ಉದ್ದದ ಜೊತೆ ನೇರವಾಗಿ ಬೆಳೆಯೋಕೆ ಶುರು ಆಗತ್ತೆ, ಉದ್ದದ ಪ್ರತಿ ಯೂನಿಟ್ಟಿಗೆ ಪೈ ಸಿ/3ಬೀಟಾದಷ್ಟು. ಇದನ್ನ ಹೊರೈಝನ್‌ನಿಂದ ನೇರವಾಗಿ ಸಿಗೋ ಎಲ್/(4ಜಿ ಝಡ್ಎಚ್) ಜೊತೆ ಹೋಲಿಸಿ, ಎರಡೂ ಒಂದೇ ಆಗ್ಬೇಕು. ಆಗ್ಲಿಲ್ಲ ಅಂದ್ರೆ ಬೀಟಾ = 2ಪೈ ಝಡ್ಎಚ್ ಅನ್ನೋ ಕಡೆ ಒಂದು 2 ಅಥವಾ ಪೈ ಬಿಟ್ಟುಹೋಗಿರತ್ತೆ, ಹುಡುಕೋದನ್ನ ಅಲ್ಲಿಂದ ಶುರು ಮಾಡಿ.