ತಣ್ಣೀರಿನ ಡೈವಿಂಗ್‌ಗೆ ಹುಡ್, ಗ್ಲೌಸ್, ಬೂಟು ಆರಿಸುವುದು ಹೇಗೆ?

ತಣ್ಣೀರಿಗಿಳಿಯುವ ಹೊಸಬರು ವೆಟ್‌ಸೂಟ್‌ಗೆ ಧಾರಾಳವಾಗಿ ಖರ್ಚು ಮಾಡುತ್ತಾರೆ, ತಲೆ, ಕೈ, ಕಾಲಿಗೆ ಮಾತ್ರ ಸಿಕ್ಕಿದ್ದನ್ನು ಏರಿಸಿಕೊಳ್ಳುತ್ತಾರೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಶಾಖ ಎಳೆಯುತ್ತದೆ. ಬೆರಳು ಮರಗಟ್ಟಿದರೆ ನೀರಿನಲ್ಲಿ ಮುಳುಗಲು ಕಟ್ಟುವ ತೂಕದ ಬೆಲ್ಟಿನ ಬಕಲ್ ಬಿಚ್ಚುವುದೂ ಕಷ್ಟ.

1. ದಪ್ಪ. 10ರಿಂದ 15 ಡಿಗ್ರಿ ಸೆಲ್ಸಿಯಸ್ ನೀರಿಗೆ 5ರಿಂದ 7 ಮಿ.ಮೀ. ಹುಡ್ ಮತ್ತು ಬೂಟು, 5 ಮಿ.ಮೀ. ಗ್ಲೌಸ್ ಸಾಕು. ಇವನ್ನು ಮಾಡುವ ನೊರೆರಬ್ಬರ್, ಅಂದರೆ ನಿಯೋಪ್ರೀನ್, ಬೆಚ್ಚಗಿಡುವುದು ತನ್ನೊಳಗಿನ ಗುಳ್ಳೆಗಳಿಂದ. 10 ಮೀಟರ್ ಆಳದಲ್ಲಿ ಒತ್ತಡ ಇಮ್ಮಡಿಯಾಗಿ ಗುಳ್ಳೆಗಳು ಕುಗ್ಗುತ್ತವೆ. ಹಾಗಾಗಿ ಎರಡು ದಪ್ಪಗಳ ನಡುವೆ ಗೊಂದಲವಾದರೆ ದಪ್ಪನೆಯದನ್ನೇ ತೆಗೆದುಕೊಳ್ಳಿ.

2. ಹುಡ್. ಹೆಚ್ಚಿನವರು ಎಡವುವುದು ಇಲ್ಲೇ. ಹಣೆಯ ಸುತ್ತಳತೆ ನೋಡಿ ಕೊಳ್ಳುತ್ತಾರೆ, ಕತ್ತನ್ನು ಮರೆಯುತ್ತಾರೆ. ಕತ್ತಿನ ಎರಡೂ ಪಕ್ಕದ ರಕ್ತನಾಳಗಳಲ್ಲಿ ಒತ್ತಡ ಗುರುತಿಸುವ ನರತುದಿಗಳಿವೆ. ಹುಡ್ ಅವನ್ನು ಅದುಮಿದರೆ ದೇಹ ರಕ್ತದೊತ್ತಡ ಏರಿತೆಂದು ಭ್ರಮಿಸಿ ಹೃದಯಬಡಿತ ಇಳಿಸುತ್ತದೆ. ತಲೆ ಸುತ್ತುತ್ತದೆ, ಕಣ್ಣು ಕತ್ತಲಾಗುತ್ತದೆ. ನೀರಿನಡಿ ಇದು ಪ್ರಾಣಕ್ಕೇ ಅಪಾಯ.

ಅಂಗಡಿಯಲ್ಲೇ ಹುಡ್ ತೊಟ್ಟು ಹತ್ತು ನಿಮಿಷ ಇರಿ. ಮಾಸ್ಕ್ ಹಾಕಿ, ರೆಗ್ಯುಲೇಟರ್ (ಬಾಯಲ್ಲಿಟ್ಟು ಉಸಿರಾಡುವ ಸಾಧನ) ಕಚ್ಚಿ, ತಲೆಯನ್ನು ಹಿಂದಕ್ಕೂ ಪಕ್ಕಕ್ಕೂ ತಿರುಗಿಸಿ ನೋಡಿ. ಎಂಜಲು ನುಂಗಲು ಕಷ್ಟವಾದರೆ ಅದು ನಿಮ್ಮ ಅಳತೆಯದಲ್ಲ. ತೊಡುತ್ತಾ ಸಡಿಲವಾಗುತ್ತದೆ ಎಂಬ ಮಾತು ನಂಬಬೇಡಿ. ಹಾಗೆಂದು ನೆತ್ತಿಯ ಮೇಲೆ ಖಾಲಿ ಜಾಗ ಉಳಿಯುವಷ್ಟು ದೊಡ್ಡದೂ ಬೇಡ, ತಣ್ಣೀರು ಅಲ್ಲೇ ಓಡಾಡುತ್ತದೆ. ‘ಎಲ್ಲರಿಗೂ ಒಂದೇ ಅಳತೆ’ ಎಂಬ ಹುಡ್ ಮುಟ್ಟಲೇಬೇಡಿ.

ಹೊಸಬರು ಭುಜದವರೆಗೆ ಇಳಿಯುವ ಅಂಚಿರುವ ಹುಡ್ ತೆಗೆದುಕೊಳ್ಳಬೇಕು. ಸೂಟಿನ ಜಿಪ್ ಎಳೆಯುವ ಮೊದಲೇ ಆ ಅಂಚನ್ನು ಒಳಗೆ ಸೇರಿಸಿದರೆ ಕತ್ತಿನಿಂದ ನೀರು ನುಗ್ಗುವುದು ಕಡಿಮೆ. ಮಾಸ್ಕಿನ ಸಿಲಿಕೋನ್ ಅಂಚು ಪೂರ್ತಿ ಚರ್ಮದ ಮೇಲೇ ಕೂರಬೇಕು. ಹುಡ್ಡಿನ ಅಂಚು ಅದರಡಿ ಒಂದೆಳೆ ಸಿಕ್ಕಿಕೊಂಡರೂ ಮಾಸ್ಕ್ ಸೋರುತ್ತದೆ. ನೀರಿಗಿಳಿದ ಕೂಡಲೇ ಹುಡ್ಡಿನ ಅಂಚನ್ನು ಕಿವಿಯ ಬಳಿ ಎಳೆದು ಸ್ವಲ್ಪ ನೀರು ಒಳಬಿಡಿ. ಅಲ್ಲಿ ಗಾಳಿ ಸಿಕ್ಕಿಕೊಂಡರೆ ಇಳಿಯುವಾಗ ಕಿವಿ ನೋಯುತ್ತದೆ.

3. ಗ್ಲೌಸ್. ಮುಷ್ಟಿ ಕಟ್ಟಿ. ಬೆರಳು ಜೋಮು ಹಿಡಿದರೆ ಬಿಗಿ ಜಾಸ್ತಿ. ರಕ್ತ ಓಡದ ಕೈ ಎಷ್ಟೇ ದಪ್ಪದ ಗ್ಲೌಸ್‌ನಲ್ಲೂ ತಣ್ಣಗಾಗುತ್ತದೆ. ತೊಟ್ಟ ಕೈಯಲ್ಲೇ ಬಕಲ್ ಬಿಚ್ಚಿ, ತೇಲಲು ತೊಡುವ ಜಾಕೆಟ್‌ಗೆ ಗಾಳಿ ತುಂಬುವ ಗುಂಡಿ ಒತ್ತಿ ನೋಡಿ. ಹೊಲಿಗೆ ಆರಪಾರ ತೂತು ಬಿದ್ದಿದ್ದರೆ ಬಿಟ್ಟುಬಿಡಿ, ಅಂಟು ಹಾಕಿ ಒಳಹೊಲಿಗೆ ಹಾಕಿದ್ದೇ ಬೇಕು. ಅಡುಗೆಮನೆಯ ರಬ್ಬರ್ ಗ್ಲೌಸ್ ಇದಕ್ಕೆ ಬದಲಿಯಲ್ಲ. 10 ಡಿಗ್ರಿಗಿಂತ ಕೆಳಗೆ ಮೂರು ಬೆರಳಿನ ಮಿಟನ್ (ಕೆಲವು ಬೆರಳುಗಳು ಒಟ್ಟಿಗೆ ಕೂರುವ ಗ್ಲೌಸ್) ಹೆಚ್ಚು ಬೆಚ್ಚಗೆ.

4. ಬೂಟು. ಗಟ್ಟಿ ಅಟ್ಟೆಯದು ಇರಲಿ. ಮೊದಲು ಬೂಟು, ಆಮೇಲೆ ಅದಕ್ಕೆ ಹೊಂದುವ, ಹಿಮ್ಮಡಿ ತೆರೆದ ಫಿನ್ (ಕಾಲಿಗೆ ಹಾಕುವ ಈಜುರೆಕ್ಕೆ) ಕೊಳ್ಳಿ. ಸೂಟಿನ ಕಾಲು ಬೂಟಿನ ಮೇಲೆ ಬರಬೇಕು.

5. ತೊಡುವ ಕ್ರಮ. ಸೂಟು, ಅದರ ಕಾಲನ್ನು ಮೇಲೆ ಮಡಚಿ ಬೂಟು, ಹುಡ್, ಮಾಸ್ಕ್, ಕೊನೆಗೆ ಗ್ಲೌಸ್. ಹುಡ್, ಗ್ಲೌಸ್, ಬೂಟು ಮೂರೂ ತೇಲುವ ಸಾಮಾನು, ಆದ್ದರಿಂದ ಮೊದಲ ದಿನ ಆಳವಿಲ್ಲದ ನೀರಿನಲ್ಲೇ ಬೆಲ್ಟಿನ ತೂಕ ಮತ್ತೆ ಸರಿಹೊಂದಿಸಿಕೊಳ್ಳಿ.