ಮಗನ ಕೀಟಾಣು ಭಯ: ಮನೇಲಿ ನಾವು ಏನೇನು ನಿಲ್ಲಿಸಿದ್ವಿ

ಅವನಿಗಾಗ 9 ವರ್ಷ. ಮೊದಲು ಕಣ್ಣಿಗೆ ಬಿದ್ದಿದ್ದು ಅವನ ಕೈ. ಬೆರಳ ಗೆಣ್ಣಿನ ಮೇಲೆಲ್ಲಾ ಚರ್ಮ ಒಡೆದು ಕೆಂಪಗಾಗಿತ್ತು, ಸಾರನ್ನ ಕಲಸೋಕೆ ಹೋದ್ರೆ ಉರಿ ಅಂತ ಕೈ ಎಳ್ಕೊಳ್ಳೋನು. ಬೆಂಗಳೂರು ಚಳಿಗೆ ಒಡೆದಿರ್ಬೇಕು ಅಂತ ಕೊಬ್ಬರಿ ಎಣ್ಣೆ ಹಚ್ಚಿದ್ರೆ, ಅಂಟಂಟಿದೆ, ಕ್ರಿಮಿ ಅಂಟ್ಕೊಳುತ್ತೆ ಅಂತ ಅದನ್ನೂ ತೊಳ್ಕೊಂಡ್ ಬಂದ. ಎರಡು ತಿಂಗಳು ಬರ್ತಿದ್ದ ಹ್ಯಾಂಡ್‌ವಾಶ್ ವಾರಕ್ಕೇ ಖಾಲಿ ಆಗ್ತಿತ್ತು.

ಆಮೇಲೆ ಪ್ರಶ್ನೆ ಶುರುವಾಯ್ತು. "ಅಮ್ಮ, ಗೇಟ್ ಮುಟ್ಟಿದೆ, ಏನೂ ಆಗಲ್ಲ ಅಲ್ವಾ?" ಆಗಲ್ಲ ಕಣೋ ಅಂದ್ರೆ ಎರಡು ನಿಮಿಷಕ್ಕೆ ಮತ್ತೆ ಅದೇ. ಪಾಪ ಅಂತ ನಾವೂ ಎಲ್ಲಾ ಮಾಡಿಕೊಡ್ತಿದ್ವಿ, ಬಾಗಿಲು ಅವರಪ್ಪ ತೆಗೆಯೋರು, ಸ್ಕೂಲ್ ಬ್ಯಾಗ್ ನಾನು ದಿನಾ ಡೆಟಾಲ್ ಹಾಕಿ ಒರೆಸೋಳು, ಅವನ ಹಾಸಿಗೆ ಮೇಲೆ ತಂಗಿ ಕೂರೋ ಹಾಗಿಲ್ಲ. ನಮ್ಮತ್ತೆ ಮಡಿ ಮಾಡೋರು, ಒಳ್ಳೇ ಅಭ್ಯಾಸ ತಾನೇ ಬಿಡು ಅಂದ್ರು. ಆದ್ರೆ ಅತ್ತೆ ಮಡಿ ಪೂಜೆಗೆ ಮುಗಿಯುತ್ತೆ, ಆಮೇಲೆ ಆರಾಮಾಗಿ ಕೂತು ಕಾಫಿ ಕುಡೀತಾರೆ. ಇವನಿಗೆ ಮುಗಿಯೋದೇ ಇಲ್ಲ. ಆ ವ್ಯತ್ಯಾಸ ಕಾಣೋಕೆ ನಮಗೆ ಐದಾರು ತಿಂಗಳು ಹಿಡೀತು.

ಡಾಕ್ಟರ್ ಓಸಿಡಿ ಅಂದ್ರು, ಅಂದ್ರೆ ಬೇಡದ ಭಯದ ಯೋಚನೆ ಪದೇ ಪದೇ ಬಂದು, ಅದನ್ನ ಇಳಿಸೋಕೆ ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸೋ ಮಾನಸಿಕ ಕಾಯಿಲೆ. ಹಠ ಅಲ್ಲ, ಬೈದ್ರೆ ಹೋಗೋದೂ ಅಲ್ಲ. ತೊಳೆದಾಗ ಭಯ ಇಳಿಯುತ್ತಲ್ಲ, ತೊಳೆದಿದ್ದಕ್ಕೇ ಬಚಾವಾದೆ ಅಂತ ಮೆದುಳು ಕಲ್ತುಬಿಡುತ್ತೆ, ಮುಂದಿನ ಸಲ ಭಯ ಇನ್ನೂ ಬೇಗ ಬರುತ್ತೆ. ನಾನು ಹೇಳೋ "ಏನೂ ಆಗಲ್ಲ" ಅನ್ನೋದೂ ಅದೇ ಕೆಲಸ ಮಾಡ್ತಿತ್ತಂತೆ. ಅದನ್ನ ಕೇಳಿ ಆಟೋದಲ್ಲಿ ಮನೆವರೆಗೂ ಅತ್ತಿದೀನಿ.

ನಾನು ಮಾಡಿದ ದೊಡ್ಡ ತಪ್ಪು ಅಂದ್ರೆ ಅವನಿಗೆ ಮಾಡಿಕೊಡ್ತಿದ್ದ ಎಲ್ಲಾನೂ ಮಾರನೇ ದಿನವೇ ಒಟ್ಟಿಗೇ ನಿಲ್ಲಿಸಿದ್ದು. ಮಗು ರಾತ್ರಿ ಹನ್ನೊಂದರ ತನಕ ಕಿರುಚಾಡಿತು. ಥೆರಪಿಸ್ಟ್ ಹೇಳಿದ್ರು, ಒಂದು ಸಲಕ್ಕೆ ಒಂದೇ ಬಿಡಿ, ಅದನ್ನೂ ಮಗುಗೆ ಮೊದಲೇ ಹೇಳಿ ಬಿಡಿ ಅಂತ. ಹಾಗಾಗಿ ಮೊದಲು ಬಾಗಿಲು ತೆಗೆಯೋದು ಬಿಟ್ವಿ, ಮೂರು ವಾರ ಅದೊಂದೇ. ಆಮೇಲೆ ಬ್ಯಾಗ್. ಪ್ರಶ್ನೆಗೆ ಉತ್ತರದ ಬದ್ಲು ಒಂದೇ ಮಾತು ಇಟ್ಕೊಂಡ್ವಿ: "ನಿನಗೆ ಕಷ್ಟ ಆಗ್ತಿದೆ ಅಂತ ಗೊತ್ತು ಪುಟ್ಟಾ, ನೀನು ತಡ್ಕೋತೀಯ ಅಂತಾನೂ ಗೊತ್ತು." ಮನೇಲಿ ಎಲ್ಲರೂ ಇದನ್ನೇ ಹೇಳ್ಬೇಕು, ಅತ್ತೆನೂ.

ಅವನ ಥೆರಪಿಗೆ ಇಆರ್‌ಪಿ ಅಂತಾರೆ, ಭಯ ಆಗೋದನ್ನ ಸ್ವಲ್ಪಸ್ವಲ್ಪವಾಗಿ ಮುಟ್ಟೋದು, ಮುಟ್ಟಿ ತೊಳೀದೇ ಇರೋದು. ಯಾವುದಕ್ಕೆ ಎಷ್ಟು ಭಯ ಅಂತ ಅವನೇ ಹತ್ತಕ್ಕೆ ಮಾರ್ಕ್ಸ್ ಹಾಕಿದ. ಮನೆ ಚಿಲಕ 3, ಚಪ್ಪಲಿ ಸ್ಟ್ಯಾಂಡ್ 6, ಬಿಎಂಟಿಸಿ ಬಸ್ಸಿನ ಕಂಬಿ 8, ಸ್ಕೂಲ್ ಟಾಯ್ಲೆಟ್ ಚಿಲಕ 10. ಚಪ್ಪಲಿ ಸ್ಟ್ಯಾಂಡ್ ದಿನ ಮರೆಯೋಕಾಗಲ್ಲ. ಒಂದು ಬೆರಳು ಇಟ್ಟ, ಆ ಬೆರಳನ್ನ ಮಿಕ್ಕ ನಾಲ್ಕಕ್ಕೂ ತಾಗದ ಹಾಗೆ ಗಾಳೀಲಿ ಹಿಡ್ಕೊಂಡು ನೆಲದ ಮೇಲೆ ಕೂತ, ಕಣ್ಣಲ್ಲಿ ನೀರು. ಗೋಡೆ ಗಡಿಯಾರ ನೋಡ್ತಾ ಐದೈದು ನಿಮಿಷಕ್ಕೆ ಎಷ್ಟಿದೆ ಅಂತ ಕೇಳ್ತಿದ್ದೆ, ಆರು ಅಂದ, ಏಳು ಅಂದ, ಮತ್ತೆ ಏಳೇ. ಬಾತ್‌ರೂಮಿಗೆ ಎತ್ಕೊಂಡು ಹೋಗ್ಬಿಡೋಣ ಅನ್ನಿಸ್ತು, ಹೋಗ್ಲಿಲ್ಲ. ಮೂವತ್ತೈದನೇ ನಿಮಿಷಕ್ಕೆ "ಮೂರು ಅನ್ಸುತ್ತಮ್ಮ" ಅಂದ. ತಾನಾಗೇ ಇಳೀತು.

ಊಟಕ್ಕೆ ಮುಂಚೆ, ಟಾಯ್ಲೆಟ್ ಆದ್ಮೇಲೆ 20 ಸೆಕೆಂಡ್ ಸೋಪು, ಅದು ಎಲ್ಲರ ಹಾಗೆ ಇವನಿಗೂ ಇದೆ. ಮಾತ್ರೆ ಇವನಿಗೆ ಬೇಕಾಗ್ಲಿಲ್ಲ, ಕೆಲವು ಮಕ್ಕಳಿಗೆ ಬೇಕಾಗುತ್ತೆ, ದಯವಿಟ್ಟು ಹೆದರಿ ಬೇಡ ಅನ್ನಬೇಡಿ. ನಿಮ್ಹಾನ್ಸ್‌ನಲ್ಲಿ ಓಸಿಡಿಗೆ ಅಂತಾನೇ ಕ್ಲಿನಿಕ್ ಇದೆ, ಎಲ್ಲಿಂದ ಶುರು ಮಾಡೋದು ತಿಳೀದಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ಬಹುದು.

ಟಾಯ್ಲೆಟ್ ಚಿಲಕ ಇನ್ನೂ ಬಾಕಿ ಇದೆ. ಆದ್ರೆ ಈ ಸಲ ಕಡ್ಲೆಕಾಯಿ ಪರಿಷೆಗೆ ಬಸವನಗುಡಿಗೆ ಬಸ್ಸಲ್ಲೇ ಹೋದ್ವಿ, ಕಂಬಿ ಹಿಡ್ಕೊಂಡೇ ನಿಂತಿದ್ದ. ರಾಶಿಯಿಂದ ಒಂದು ಸೇರು ತಗೊಂಡು ವಾಪಸ್ ಬರ್ತಾ ಆಟೋದಲ್ಲಿ "ಅಮ್ಮ, ಕೈ..." ಅಂದ. ನಿನಗೆ ಕಷ್ಟ ಆಗ್ತಿದೆ ಅಂತ ಗೊತ್ತು ಅಂತ ನಾನು ಶುರು ಮಾಡೋಷ್ಟರಲ್ಲಿ "ಗೊತ್ತು ಬಿಡಮ್ಮ" ಅಂತ ಇನ್ನೊಂದು ಕಡ್ಲೆಕಾಯಿ ಒಡೆದು ಬಾಯಿಗೆ ಹಾಕ್ಕೊಂಡು ಸಿಪ್ಪೆ ನನ್ನ ಕೈಗೆ ಕೊಟ್ಟ.