ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 10: ವರ್ಚುವಲ್ ಮೆಷಿನ್‌ನಲ್ಲಿ ನಡೆಸುವ ಕ್ರಮ

ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ ಯಾವುದೋ ಒಂದು ಹೈಪರ್‌ವೈಸರ್ (ವರ್ಚುವಲ್ ಮೆಷಿನ್‌ಗಳನ್ನು ನಡೆಸುವ ತಂತ್ರಾಂಶ) ಮೇಲೆ ಬೂಟ್ ಆಯಿತೆಂದ ಮಾತ್ರಕ್ಕೆ ಅಲ್ಲಿ ಅದಕ್ಕೆ ಬೆಂಬಲವಿದೆ ಎಂದು ಭಾವಿಸಬಾರದು. ರೆಡ್ ಹ್ಯಾಟ್ ಪ್ರಕಟಿಸುವ ಪ್ರಮಾಣೀಕೃತ ಪಟ್ಟಿಯಲ್ಲಿ ಹೈಪರ್‌ವೈಸರ್‌ನ ಆವೃತ್ತಿ ಮತ್ತು ಗೆಸ್ಟ್‌ನ (ವರ್ಚುವಲ್ ಮೆಷಿನ್ ಒಳಗೆ ಓಡುವ ವ್ಯವಸ್ಥೆ) ಆವೃತ್ತಿ ಎರಡನ್ನೂ ಜೋಡಿಯಾಗಿ ನೋಡಬೇಕು. ಕೆವಿಎಂ, ವಿಎಂವೇರ್ ವಿಸ್ಫಿಯರ್, ಮೈಕ್ರೋಸಾಫ್ಟ್ ಹೈಪರ್-ವಿ, ನ್ಯೂಟಾನಿಕ್ಸ್ ಎಎಚ್‌ವಿ ಮುಂತಾದವು ಅಲ್ಲಿವೆ. ಆದರೆ ಹೊಸ ಗೆಸ್ಟ್ ಹಳೆಯ ಹೋಸ್ಟ್‌ನೊಂದಿಗೆ (ಗೆಸ್ಟ್‌ಗಳನ್ನು ಹೊತ್ತ ಯಂತ್ರ) ಹೊಂದುತ್ತದೆಂಬ ಭರವಸೆಯಿಲ್ಲ. ಪಟ್ಟಿಯ ಹೊರಗಿನ ವೇದಿಕೆಯಲ್ಲಿ ತೊಂದರೆ ಬಂದರೆ, ಅದನ್ನೇ ಪ್ರಮಾಣೀಕೃತ ವೇದಿಕೆಯಲ್ಲಿ ಮತ್ತೊಮ್ಮೆ ತೋರಿಸಿಕೊಡಿ ಎಂದು ಬೆಂಬಲ ತಂಡ ಕೇಳಬಹುದು. ಡೇಟಾಬೇಸ್ ನಿಂತುಹೋಗಿರುವ ನಡುರಾತ್ರಿಯಲ್ಲಿ ಅಂಥ ಪ್ರಯೋಗಕ್ಕೆ ಯಾರಿಗೂ ವ್ಯವಧಾನವಿರುವುದಿಲ್ಲ.

ಪಟ್ಟಿ ನೋಡಿದ ಬಳಿಕ ಗಮನ ಕೊಡಬೇಕಾದದ್ದು ಸಿಪಿಯು ಮಾದರಿಗೆ. 2022ರಲ್ಲಿ ಬಂದ 9ನೇ ಆವೃತ್ತಿಗೆ ಎಕ್ಸ್86-64-ವಿ2 ಮಟ್ಟದ ಸೂಚನೆಗಳು (ಪ್ರೊಸೆಸರ್ ಪಾಲಿಸಬಲ್ಲ ಆದೇಶಗಳು) ಸಾಕಾಗಿದ್ದವು. 2025ರ ಮೇ ತಿಂಗಳಲ್ಲಿ ಬಂದ 10ನೇ ಆವೃತ್ತಿಗೆ ವಿ3 ಮಟ್ಟ, ಅಂದರೆ ಎವಿಎಕ್ಸ್2 ಇತ್ಯಾದಿ ಸೂಚನೆಗಳು ಬೇಕೇ ಬೇಕು. ಇಂಟೆಲ್ ಸರ್ವರ್‌ಗಳ ಮಟ್ಟಿಗೆ ಇದರರ್ಥ ಹ್ಯಾಸ್ವೆಲ್ ಪೀಳಿಗೆ ಅಥವಾ ಅದಕ್ಕಿಂತ ಹೊಸದು. ಎಡವಟ್ಟಾಗುವುದು ಸಾಮಾನ್ಯವಾಗಿ ಯಂತ್ರ ಹಳೆಯದಾಗಿರುವುದರಿಂದಲ್ಲ. ಹೈಪರ್‌ವೈಸರ್ ಆ ಸೂಚನೆಗಳನ್ನು ಗೆಸ್ಟ್‌ನಿಂದ ಮರೆಮಾಡುವುದರಿಂದ. ವಿಸ್ಫಿಯರ್ ಕ್ಲಸ್ಟರ್‌ನಲ್ಲಿ ಎಂದೋ ಯಾರೋ ಇವಿಸಿಯನ್ನು (ಕ್ಲಸ್ಟರ್‌ನ ಎಲ್ಲ ಹೋಸ್ಟ್‌ಗಳ ಸಿಪಿಯುಗಳನ್ನು ಒಂದೇ ಮಟ್ಟದಲ್ಲಿ ತೋರಿಸುವ ಸೌಲಭ್ಯ) ಹ್ಯಾಸ್ವೆಲ್‌ಗಿಂತ ಹಳೆಯ ಸ್ಯಾಂಡಿ ಬ್ರಿಡ್ಜ್ ಮಟ್ಟಕ್ಕೆ ಇಳಿಸಿಟ್ಟಿದ್ದರೆ, ಕೆಳಗೆ ಎಷ್ಟೇ ಹೊಸ ಪ್ರೊಸೆಸರ್ ಇದ್ದರೂ ಗೆಸ್ಟ್‌ಗೆ ಎವಿಎಕ್ಸ್2 ಕಾಣುವುದಿಲ್ಲ. ಇವಿಸಿ ಮಟ್ಟವನ್ನು ಏರಿಸಿದ ಮೇಲೆ ಗೆಸ್ಟ್ ಒಳಗಿನಿಂದ ರೀಬೂಟ್ ಮಾಡಿದರೆ ಸಾಲದು, ವರ್ಚುವಲ್ ಮೆಷಿನ್ನನ್ನು ಪೂರ್ತಿಯಾಗಿ ಪವರ್ ಆಫ್ ಮಾಡಿ ಮತ್ತೆ ಆನ್ ಮಾಡಬೇಕು. ಹೈಪರ್-ವಿಯ ಪ್ರೊಸೆಸರ್ ಕಂಪ್ಯಾಟಿಬಿಲಿಟಿ ಆಯ್ಕೆಯೂ ಹೀಗೆಯೇ ಸೂಚನೆಗಳನ್ನು ಅಡಗಿಸಬಲ್ಲದು. ಕೆವಿಎಂನಲ್ಲಿ ಎಲ್ಲ ಹೋಸ್ಟ್‌ಗಳೂ ಒಂದೇ ಬಗೆಯವಾಗಿದ್ದರೆ, ಹೋಸ್ಟ್‌ನ ಸಿಪಿಯುವನ್ನು ಇದ್ದಂತೆಯೇ ಗೆಸ್ಟ್‌ಗೆ ತೋರಿಸುವ ಹೋಸ್ಟ್-ಪಾಸ್‌ಥ್ರೂ ಆರಿಸಿ. ಬೇರೆ ಬೇರೆ ಪೀಳಿಗೆಯ ಹೋಸ್ಟ್‌ಗಳ ನಡುವೆ ಲೈವ್ ಮೈಗ್ರೇಷನ್ (ಓಡುತ್ತಿರುವಾಗಲೇ ಗೆಸ್ಟ್‌ನ ಸ್ಥಳಾಂತರ) ಬೇಕೆಂದಾದರೆ ಅವೆಲ್ಲಕ್ಕೂ ಸಲ್ಲುವ, ವಿ3 ಮಟ್ಟಕ್ಕಿಂತ ಕೆಳಗಿಳಿಯದ ಒಂದು ಮಾದರಿಯನ್ನು ಹೆಸರಿಸಿ. ಈಗಿರುವ ಗೆಸ್ಟ್‌ನೊಳಗೆ ಎಲ್‌ಎಸ್‌ಸಿಪಿಯು ಆದೇಶ ಕೊಟ್ಟು, ಫ್ಲ್ಯಾಗ್‌ಗಳ ಸಾಲಿನಲ್ಲಿ ಎವಿಎಕ್ಸ್2 ಇದೆಯೇ ಎಂದು ಮೊದಲೇ ನೋಡಿಕೊಂಡರೆ ಅಪ್‌ಗ್ರೇಡ್ ದಿನ ಕರ್ನಲ್ ಪ್ಯಾನಿಕ್ (ವ್ಯವಸ್ಥೆಯ ತಿರುಳೇ ಕೆಟ್ಟು ನಿಲ್ಲುವುದು) ನೋಡುವ ಪ್ರಸಂಗ ತಪ್ಪುತ್ತದೆ.

ಸಾಧನಗಳ ಆಯ್ಕೆಯಲ್ಲಿ ಹೆಚ್ಚು ಯೋಚಿಸುವ ಅಗತ್ಯವಿಲ್ಲ. ವರ್ಚುವಲ್ ಮೆಷಿನ್‌ಗೆಂದೇ ರೂಪಿಸಿದ ಸಾಧನಗಳನ್ನೇ ಆರಿಸಿ: ಕೆವಿಎಂನಲ್ಲಿ ಡಿಸ್ಕ್‌ಗೂ ನೆಟ್‌ವರ್ಕ್‌ಗೂ ವರ್ಟ್‌ಐಒ, ವಿಸ್ಫಿಯರ್‌ನಲ್ಲಿ ಡಿಸ್ಕ್‌ಗೆ ಪಿವಿಸ್ಕಸಿ ಮತ್ತು ನೆಟ್‌ವರ್ಕ್‌ಗೆ ವಿಎಂಎಕ್ಸ್‌ನೆಟ್3 ಇರಲಿ. ಹೈಪರ್-ವಿಯಲ್ಲಿ ಜನರೇಷನ್ 2 ಗೆಸ್ಟ್‌ಗೆ ಸೆಕ್ಯೂರ್ ಬೂಟ್ (ಸಹಿ ಪರಿಶೀಲಿಸಿ ಬೂಟ್ ಮಾಡುವ ಕ್ರಮ) ಟೆಂಪ್ಲೇಟನ್ನು ಮೈಕ್ರೋಸಾಫ್ಟ್ ಯುಇಎಫ್‌ಐ ಸರ್ಟಿಫಿಕೇಟ್ ಅಥಾರಿಟಿಗೆ ಬದಲಿಸದಿದ್ದರೆ ಅನುಸ್ಥಾಪನೆಯ ಮಾಧ್ಯಮವೇ ಬೂಟ್ ಆಗುವುದಿಲ್ಲ.

2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ವಿಎಂವೇರನ್ನು ಕೊಂಡ ನಂತರ ವಿಸ್ಫಿಯರ್‌ನಿಂದ ಕೆವಿಎಂಗೆ ಹೋಗುವ ಮಾತು ಹಲವೆಡೆ ನಡೆದಿದೆ. ಹೊರಡುವ ಮುನ್ನ ಒಂದು ವಿಷಯ ನೆನಪಿರಲಿ: ಅನುಸ್ಥಾಪನೆಯ ಹೊತ್ತಿಗೆ ಸಿದ್ಧವಾಗುವ ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಆರಂಭದಲ್ಲಿ ಬಳಕೆಯಾಗುವ ಪುಟ್ಟ ಫೈಲ್ ಸಿಸ್ಟಮ್) ಆಗ ಕಂಡ ಹಾರ್ಡ್‌ವೇರ್‌ನ ಡ್ರೈವರ್‌ಗಳನ್ನಷ್ಟೇ ಇಟ್ಟುಕೊಂಡಿರುತ್ತದೆ. ಡಿಸ್ಕ್ ಫೈಲನ್ನು ನಕಲಿಸಿ ಕೆವಿಎಂನಲ್ಲಿ ಬೂಟ್ ಮಾಡಿದರೆ ವರ್ಟ್‌ಐಒ ಡ್ರೈವರ್ ಸಿಗದೆ, ರೂಟ್ ಡಿಸ್ಕ್ ಕಾಣದೆ, ತುರ್ತು ಶೆಲ್‌ನಲ್ಲಿ ನಿಂತುಬಿಡುತ್ತದೆ. ಗೆಸ್ಟ್‌ಗಳನ್ನು ಕೆವಿಎಂಗೆ ಪರಿವರ್ತಿಸುವ ವರ್ಟ್-ವಿ2ವಿ ಉಪಕರಣ ಈ ತೊಡಕನ್ನು ತಾನೇ ಸರಿಪಡಿಸುತ್ತದೆ. ಕೈಯಾರೆ ನಕಲಿಸಿ ಈಗಾಗಲೇ ಸಿಕ್ಕಿಹಾಕಿಕೊಂಡಿದ್ದರೆ ಬೂಟ್ ವೇಳೆ ಬರುವ ಗ್ರಬ್ ಮೆನುವಿನ ರೆಸ್ಕ್ಯೂ ನಮೂದನ್ನು ಆರಿಸಿ. ಅದರಲ್ಲಿ ಎಲ್ಲ ಡ್ರೈವರ್‌ಗಳೂ ಇರುತ್ತವೆ. ಅಲ್ಲಿಂದ ಡ್ರೇಕಟ್ ಉಪಕರಣ ಬಳಸಿ ಇನಿಟ್‌ರಾಮ್‌ಎಫ್‌ಎಸ್‌ಗಳನ್ನು ಹೊಸದಾಗಿ ಕಟ್ಟಬಹುದು. ಎಲ್‌ವಿಎಂನ (ಡಿಸ್ಕ್‌ಗಳನ್ನು ವಾಲ್ಯೂಮ್ ಗ್ರೂಪ್‌ಗಳಾಗಿ ಕೂಡಿಸುವ ವ್ಯವಸ್ಥೆ) ಡಿವೈಸಸ್ ಫೈಲ್ ಡಿಸ್ಕ್‌ಗಳ ಹಳೆಯ ಗುರುತನ್ನೇ ಹಿಡಿದಿರುವುದರಿಂದ ಹೆಚ್ಚುವರಿ ವಾಲ್ಯೂಮ್ ಗ್ರೂಪ್‌ಗಳು ಕಾಣದೆ ಹೋಗಬಹುದು. ಡೇಟಾ ಹೋಯಿತೆಂದು ಗಾಬರಿಯಾಗುವ ಮೊದಲು ಆ ಫೈಲನ್ನು ನವೀಕರಿಸಿ ನೋಡಿ.

ಓಡುತ್ತಿರುವ ಗೆಸ್ಟ್‌ನ ಸ್ನ್ಯಾಪ್‌ಶಾಟ್ (ಆ ಕ್ಷಣದ ಸ್ಥಿತಿಯ ಪ್ರತಿ) ತೆಗೆಯುವವರು ಕೆವಿಎಂನಲ್ಲಿ ಕ್ಯೂಇಎಂಯು ಗೆಸ್ಟ್ ಏಜೆಂಟ್, ವಿಸ್ಫಿಯರ್‌ನಲ್ಲಿ ಓಪನ್-ವಿಎಂ-ಟೂಲ್ಸ್ ಇರುವಂತೆ ನೋಡಿಕೊಳ್ಳಬೇಕು. ಅವಿದ್ದರೆ ಮಾತ್ರ ಸ್ನ್ಯಾಪ್‌ಶಾಟ್ ಕ್ಷಣದಲ್ಲಿ ಫೈಲ್ ಸಿಸ್ಟಮ್‌ಗಳನ್ನು ತಡೆದು ನಿಲ್ಲಿಸಲು ಸಾಧ್ಯ. ಒಂದು ಗೆಸ್ಟ್‌ನಿಂದ ಟೆಂಪ್ಲೇಟ್ (ಹೊಸ ಗೆಸ್ಟ್‌ಗಳಿಗೆ ಅಚ್ಚು) ಮಾಡುವುದಾದರೆ ಮೊದಲು ಅದನ್ನು ನಿಲ್ಲಿಸಿ, ಅದರ ಸ್ವಂತ ಗುರುತುಗಳನ್ನು ಅಳಿಸುವ ವರ್ಟ್-ಸಿಸ್‌ಪ್ರೆಪ್ ನಡೆಸಿ. ಓಡುತ್ತಿರುವ ಗೆಸ್ಟ್‌ನ ಡಿಸ್ಕ್ ಮೇಲೆ ಅದನ್ನು ನಡೆಸಿದರೆ ಡಿಸ್ಕ್ ಕೆಡುತ್ತದೆ. ಮೆಷಿನ್-ಐಡಿ, ಎಸ್‌ಎಸ್‌ಎಚ್ ಹೋಸ್ಟ್ ಕೀಗಳು ಮತ್ತು ಚಂದಾದಾರಿಕೆಯ ಗುರುತುಪತ್ರ ಈ ಮೂರೂ ಹೋಗಿವೆಯೇ ಎಂದು ಖಚಿತಪಡಿಸಿಕೊಳ್ಳಿ. ಇವನ್ನು ಕೈಯಿಂದ ತೆಗೆಯುವುದಿದ್ದರೆ ಮೆಷಿನ್-ಐಡಿ ಫೈಲನ್ನು ಅಳಿಸದೆ ಖಾಲಿ ಮಾತ್ರ ಮಾಡಿ, ಹೊಸ ಗೆಸ್ಟ್ ಬೂಟ್ ಆಗುವಾಗ ತನ್ನದೇ ಗುರುತನ್ನು ಅದರಲ್ಲಿ ಬರೆದುಕೊಳ್ಳುತ್ತದೆ.